ಕಚ್ಚಿಕೊಂಡ ಬೋಲ್ಟ್ ಬಿಚ್ಚುವುದು ಹೇಗೆ? ತೋಟದ ಹಳೆ ಜೀಪಿಗೆ ಮಳೆಗಾಲ ಮುಗಿದ ಮೇಲಿನ ಕೆಲಸ

ಕೈಲ್‌ಮುಹೂರ್ತ ಕಳೆದು ಮಳೆ ಹಿಂದೆ ಸರಿಯುತ್ತಿದ್ದಂತೆ ಕೊಡಗಿನ ತೋಟಗಳಲ್ಲಿ ಜೀಪು, ಪಿಕಪ್, ಟ್ರೈಲರ್‌ಗಳ ರಿಪೇರಿ ಶುರುವಾಗುತ್ತದೆ. ಅರೇಬಿಕಾ ಕೊಯ್ಲಿಗೆ ಮೊದಲೇ ಬ್ರೇಕ್, ಲೀಫ್ ಸ್ಪ್ರಿಂಗ್, ಸೈಲೆನ್ಸರ್ ಎಲ್ಲ ಸರಿಯಾಗಿರಬೇಕು. ಹೊಸ ಪಾರ್ಟ್ ತಂದಿಟ್ಟುಕೊಂಡರೂ ಹಳೆಯದನ್ನು ಬಿಚ್ಚಲಾಗದೆ ಕೆಲಸ ನಿಂತುಬಿಡುತ್ತದೆ.

ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ನಟ್‌ಗೂ ಬೋಲ್ಟ್‌ಗೂ ನಡುವೆ ಇರುವುದೇ ಕೂದಲೆಳೆಯಷ್ಟು ಸಂದು. ಅದರೊಳಗೆ ತುಕ್ಕು ಉಬ್ಬಿ ಎರಡನ್ನೂ ಕಚ್ಚಿಸುತ್ತದೆ. ಚಾಸಿಗೆ ಮೆತ್ತಿದ ಕೆಸರು ವಾರಗಟ್ಟಲೆ ತೇವ ಹಿಡಿದಿಡುತ್ತದೆ. ಗೊಬ್ಬರ ಸಾಗಿಸುವ ಗಾಡಿಯ ಪಾಡು ಇನ್ನೂ ಕಷ್ಟ. ತೋಟಕ್ಕೆ ಹಾಕುವ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡೇ ಇದರಲ್ಲೂ ಇದೆ, ಕಬ್ಬಿಣವನ್ನು ಅದರಂತೆಯೇ ತಿನ್ನುತ್ತದೆ. ಮೂಟೆ ಇಳಿಸಿದ ದಿನವೇ ಟ್ರೈಲರಿನ ಮೇಲೂ ಕೆಳಗೂ ನೀರು ಹೊಡೆದು ತೊಳೆಯಿರಿ.

ಸ್ಪಾನರ್ ಕೈಗೆತ್ತಿಕೊಳ್ಳುವ ಮೊದಲು ಒಂದು ತೀರ್ಮಾನ ಆಗಬೇಕು: ಯಾವ ಬೋಲ್ಟ್ ಉಳಿಸಬೇಕು, ಯಾವುದು ಹೋದರೂ ಚಿಂತೆಯಿಲ್ಲ? ಆರಪಾರ ಹೋಗಿ ಹಿಂದೆ ನಟ್ ಇರುವ ಬೋಲ್ಟ್ ಆದರೆ ಹೆಣಗಾಡುವ ಅಗತ್ಯವೇ ಇಲ್ಲ, ಗ್ರೈಂಡರಿನಲ್ಲಿ ಕತ್ತರಿಸಿ ಹೊಸದು ಹಾಕಿ. ಲೀಫ್ ಸ್ಪ್ರಿಂಗಿನ ಯು ಬೋಲ್ಟ್ ಹೇಗೂ ಮರುಬಳಕೆಗಲ್ಲ. ಒಮ್ಮೆ ಬಿಗಿದಾಗಲೇ ಅದು ಎಳೆದುಕೊಂಡಿರುತ್ತದೆ. ಎಂಜಿನ್ ಬ್ಲಾಕ್, ಸಿಲಿಂಡರ್ ಹೆಡ್, ಗೇರ್‌ಬಾಕ್ಸ್, ವೀಲ್ ಸಿಲಿಂಡರ್ ಇವುಗಳೊಳಗೆ ಕೂತ ಬೋಲ್ಟ್ ಮಾತ್ರ ಬೇರೆಯೇ ವಿಷಯ. ಅದು ತುಂಡಾದರೆ ಹತ್ತು ನಿಮಿಷದ ಕೆಲಸ ಎರಡು ದಿನಕ್ಕೆ ಎಳೆಯುತ್ತದೆ. ನಿಮ್ಮ ತಾಳ್ಮೆಯೆಲ್ಲ ಇಂಥವಕ್ಕೆ ಮೀಸಲಿರಲಿ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿನ ಮೇಲಿರುವ ಗಾಡಿಯಲ್ಲಿ ಸ್ಪಾನರಿಗೆ ಪೈಪ್ ಸಿಕ್ಕಿಸಿ ಎಳೆದರೆ ಗಾಡಿ ಜಾಕಿನಿಂದ ಜಾರಬಹುದು. ಕಣ್ಣಿಗೆ ಕನ್ನಡಕ ಬೇಕೇಬೇಕು.

ಹೊರಗೆ ಕಾಣುವ ಥ್ರೆಡ್ಡನ್ನು ವೈರ್ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿ. ನಟ್ ಹೊರಬರಬೇಕಾದ ದಾರಿಯೇ ಅದು. ಅಲ್ಲಿ ತುಕ್ಕು ಉಳಿದರೆ ಸಡಿಲಾದ ನಟ್ ಕೂಡ ಅರ್ಧದಲ್ಲಿ ಮತ್ತೆ ಕಚ್ಚುತ್ತದೆ. ಆಮೇಲೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕೈದು ಸಲ ನೇರವಾಗಿ ತಟ್ಟಿ. ಆ ಅದುರಿಗೆ ತುಕ್ಕಿನಲ್ಲಿ ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಸಂಜೆ ಹೊಡೆದು ಬೆಳಿಗ್ಗೆ ನೋಡಿ, ಬೇಕಿದ್ದರೆ ಇನ್ನೊಂದು ರಾತ್ರಿ ಬಿಡಿ. ಸ್ಪ್ರೇ ಸಿಗದಿದ್ದರೆ ಅಸಿಟೋನ್ ಮತ್ತು ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್ ಸಮಸಮ ಬೆರೆಸಿಕೊಳ್ಳಬಹುದು. ಇವೆರಡೂ ಬೇರ್ಪಡುವುದರಿಂದ ಪ್ರತಿ ಸಲವೂ ಕುಲುಕಿ ಹಾಕಿ. ಬಣ್ಣಕ್ಕೆ ತಾಗಿದರೆ ಬಣ್ಣ ಏಳುತ್ತದೆ, ಬೆಂಕಿ ಹತ್ತಿರ ಸುಳಿಯಲೇಬಾರದು. ಸುಟ್ಟ ಎಂಜಿನ್ ಆಯಿಲ್ ಇದಕ್ಕೆ ಪ್ರಯೋಜನವಿಲ್ಲ, ಅದು ತೀರ ಮಂದ. ಬ್ರೇಕಿನ ರಬ್ಬರ್ ಕಪ್‌ಗಳಿಗೆ ಯಾವ ಖನಿಜ ಎಣ್ಣೆಯೂ ತಾಗಬಾರದು, ಊದಿಕೊಂಡು ಬ್ರೇಕ್ ಕೈಕೊಡುತ್ತದೆ.

ಬೋಲ್ಟಿನ ತಲೆ ಸವೆಯುವುದಕ್ಕೆ ಹೆಚ್ಚಿನ ಸಲ ತುಕ್ಕು ಕಾರಣವಲ್ಲ, ಅಳತೆ ತಪ್ಪಿದ ಸ್ಪಾನರ್ ಕಾರಣ. ಹಳೆ ಮಹೀಂದ್ರ ಜೀಪುಗಳ ಮೂಲ ಅಮೆರಿಕದ ವಿಲ್ಲಿಸ್ ಆದ್ದರಿಂದ ಅವುಗಳಲ್ಲಿ ಇಂಚಿನ ಅಳತೆಯ ಬೋಲ್ಟ್‌ಗಳು ಸಿಗುತ್ತವೆ. 1/2 ಇಂಚಿನ ತಲೆ ಎಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪಾನರ್ ಕೂತಂತೆ ಕಂಡರೂ ಬಲ ಹಾಕಿದಾಗ ಮೂಲೆಗಳನ್ನು ಕೆರೆದುಹಾಕುತ್ತದೆ. 9/16 ಎಂದರೆ 14.3, ಇದಕ್ಕೆ 14 ಹೋಗದು, 15 ಜಾರುತ್ತದೆ. 3/4ಕ್ಕೆ ಮಾತ್ರ 19ರದ್ದು ಸರಿಹೊಂದುತ್ತದೆ. ಇಂಚಿನ ಅಳತೆಯ ಸೆಟ್ ಒಂದನ್ನು ಕೊಳ್ಳಿ, ಆರು ಮೂಲೆಯ ಸಾಕೆಟ್ಟೇ ಇರಲಿ. ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯನ್ನು ಹಿಡಿಯುವುದಿಲ್ಲ.

ಮೊದಲ ತಿರುವು ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ, ಅದೂ ಕೊಂಚ ಮಾತ್ರ. ತುಕ್ಕಿನ ಹಿಡಿತ ಬಿಡುವಾಗ ‘ಟಕ್’ ಎಂದು ಕೇಳಿಸುತ್ತದೆ. ಈಗ ಕಾಲು ಸುತ್ತು ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಬಿಗಿದು, ಅರ್ಧ ಸುತ್ತು ಬಿಚ್ಚಿ. ಹೀಗೆ ಹಿಂದೆ ಮುಂದೆ ಆಡಿಸುತ್ತ ಹೊರತನ್ನಿ. ಕಿರುಗುಟ್ಟಿದರೆ ಥ್ರೆಡ್ ಒಣಗಿದೆ ಎಂದರ್ಥ, ನಿಲ್ಲಿಸಿ ಎಣ್ಣೆ ಹಾಕಿ. ಸ್ಪಾನರ್ ತಿರುಗುತ್ತಿದೆ, ಬಲ ಬಿಟ್ಟರೆ ವಾಪಸ್ ಬರುತ್ತಿದೆ ಎಂದಾದರೆ ಬೋಲ್ಟ್ ಬಿಚ್ಚುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಇನ್ನೊಂದು ಎಳೆತಕ್ಕೆ ತುಂಡಾಗುತ್ತದೆ, ಅಲ್ಲಿಗೇ ಬಿಡಿ. ಇನ್ನೊಂದು ಎಚ್ಚರ: ಕೆಲವು ಹಳೆ ಜೀಪುಗಳ ಎಡಬದಿಯ ಚಕ್ರದ ನಟ್‌ಗಳಿಗೆ ಎಡ ಥ್ರೆಡ್ ಇರುತ್ತದೆ, ಅವು ಬಿಚ್ಚುವುದು ಬಲಕ್ಕೆ. ಸ್ಟಡ್ಡಿನ ತುದಿ ಉಜ್ಜಿ ‘ಎಲ್’ ಅಕ್ಷರ ಇದೆಯೇ ನೋಡಿಕೊಳ್ಳಿ.

ಎಣ್ಣೆಗೆ ಬಗ್ಗದಿದ್ದರೆ ಬೆಂಕಿ. ಬಿಸಿ ಮಾಡಬೇಕಾದ್ದು ನಟ್ಟನ್ನು ಅಥವಾ ಬೋಲ್ಟ್ ಕೂತ ಲೋಹವನ್ನು, ಬೋಲ್ಟನ್ನಲ್ಲ. ಹೊರಗಿನದು ಹಿಗ್ಗಿದರೆ ತಾನೆ ಸಂದು ಬಿಡುವುದು? 8 ಮಿ.ಮೀ. ಬೋಲ್ಟಿಗೆ ಕೈಯಲ್ಲಿ ಹಿಡಿಯುವ ಗ್ಯಾಸ್ ಟಾರ್ಚ್ ಸಾಕು, ಲೀಫ್ ಸ್ಪ್ರಿಂಗನ್ನು ಚಾಸಿಗೆ ಸೇರಿಸುವ ಶಾಕಲ್‌ನಂಥ ದಪ್ಪದವಕ್ಕೆ ಗ್ಯಾಸ್ ವೆಲ್ಡಿಂಗ್ ಸೆಟ್ ಬೇಕು. ನಟ್ ಮಬ್ಬುಗೆಂಪಾದ ಮೇಲೆ ಸ್ವಲ್ಪ ಆರಲು ಬಿಟ್ಟು ಥ್ರೆಡ್ಡಿಗೆ ಮೇಣದಬತ್ತಿ ಮುಟ್ಟಿಸಿ. ಕರಗಿದ ಮೇಣ ಸಂದಿನೊಳಗೆ ತಾನಾಗಿ ಎಳೆದುಕೊಳ್ಳುತ್ತದೆ. ಎರಡು ಮೂರು ಸಲ ಬಿಸಿ ಮಾಡಿ ಆರಿಸಿದರೆ ಬಹುತೇಕ ಬೋಲ್ಟ್‌ಗಳು ಸೋಲುತ್ತವೆ. ಸ್ಪ್ರೇ ಹೊಡೆದ ಜಾಗವನ್ನು ಒರೆಸದೆ ಬೆಂಕಿ ಹಚ್ಚಬೇಡಿ. ಇಂಧನದ ಪೈಪು, ಬ್ರೇಕ್ ಹೋಸ್, ರಬ್ಬರ್ ಬುಷ್ ಪಕ್ಕದಲ್ಲಿದ್ದರೆ ಅವನ್ನು ತೆಗೆಯುವವರೆಗೆ ಟಾರ್ಚ್ ದೂರವಿರಲಿ. ಶಾಕ್ ಅಬ್ಸಾರ್ಬರಿನ ಕೊಳವೆಯನ್ನು ಎಂದಿಗೂ ಕಾಯಿಸಬಾರದು, ಸಿಡಿಯುತ್ತದೆ. ಸತು ಲೇಪದ ಬೋಲ್ಟಿನ ಹೊಗೆ ವಿಷ, ಬಯಲಿನಲ್ಲೇ ಮಾಡಿ.

ಬ್ರೇಕಿನ ಗಾಳಿ ತೆಗೆಯುವ ಬ್ಲೀಡರ್ ಸ್ಕ್ರೂ ಒಳಗೆ ಟೊಳ್ಳು. ಬಲ ಬಿದ್ದರೆ ಕುಸಿದು ಮುರಿಯುತ್ತದೆ. ಅದರ ತೂತಿನಲ್ಲಿ ಸರಿಯಾಗಿ ಕೂರುವ ಹಳೆ ಡ್ರಿಲ್ ಬಿಟ್ಟಿನ ಹಿಂತುದಿಯನ್ನು ತೂರಿಸಿ, ಮೇಲಿಂದ ಮೆಲ್ಲಗೆ ತಟ್ಟಿ, ಆಮೇಲೆ ತಿರುಗಿಸಿ.

ತುಂಡಾಗಿಯೇ ಹೋಯಿತೆ? ಹೊರಗೆ ಸ್ವಲ್ಪ ಉಳಿದಿದ್ದರೆ ಅದರ ಮೇಲೆ ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿಸಿ, ಅದಕ್ಕೂ ಮೊದಲು ಬ್ಯಾಟರಿ ತಂತಿ ಕಳಚಿ. ವೆಲ್ಡಿಂಗಿನ ಕಾವೇ ಅರ್ಧ ಕೆಲಸ ಮಾಡಿರುತ್ತದೆ. ಒಳಗೇ ಮುರಿದಿದ್ದರೆ ಮೇಲ್ಮೈಯನ್ನು ಅರದಿಂದ ಸಮ ಮಾಡಿ, ನಟ್ಟನಡುವೆ ಪಂಚ್ ಹೊಡೆದು, 3 ಮಿ.ಮೀ.ನಿಂದ ಶುರುಮಾಡಿ ಹಂತಹಂತವಾಗಿ ಕೊರೆಯಿರಿ. 8 ಮಿ.ಮೀ. ಬೋಲ್ಟಿಗೆ 6.8, 10ರದ್ದಕ್ಕೆ 8.5 ಕೊನೆಯ ಅಳತೆ, ಇದು 1.25 ಮತ್ತು 1.5 ಮಿ.ಮೀ. ಪಿಚ್‌ಗೆ (ಥ್ರೆಡ್ಡಿನ ಒಂದು ಎಳೆಯಿಂದ ಇನ್ನೊಂದಕ್ಕಿರುವ ಅಂತರ). ಆಮೇಲೆ ಥ್ರೆಡ್ ಕೊರೆಯುವ ಟ್ಯಾಪ್ ಹಾಕಿ. ತುಂಡು ಬೋಲ್ಟ್ ತೆಗೆಯುವ ಎಕ್ಸ್‌ಟ್ರಾಕ್ಟರ್ ಬಗ್ಗೆ ನಮಗೆ ಭರವಸೆ ಕಡಿಮೆ. ಅದು ಗಡಸು ಉಕ್ಕು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಮುಟ್ಟುವುದೇ ಇಲ್ಲ. ಕೊರೆದದ್ದು ನಡುವಿನಿಂದ ಸರಿದರೆ ಹಟ ಹಿಡಿಯದೆ ಲೇತ್ ಅಂಗಡಿಗೆ ಒಯ್ಯಿರಿ.

ಹೊಸ ಬೋಲ್ಟ್ ಹಳೆಯದರ ದರ್ಜೆಯದೇ ಆಗಿರಬೇಕು. ತಲೆಯ ಮೇಲೆ 8.8 ಇದ್ದ ಕಡೆ ಗುರುತಿಲ್ಲದ್ದನ್ನು ಹಾಕಬೇಡಿ. ಥ್ರೆಡ್ಡಿಗೆ ಕಾಪರ್ ಗ್ರೀಸ್ ತೆಳ್ಳಗೆ ಸವರಿ. ಗ್ರೀಸ್ ಇದ್ದಾಗ ಅದೇ ಟಾರ್ಕಿಗೆ (ಬಿಗಿಯಲು ಕೊಡುವ ತಿರುಚು ಬಲಕ್ಕೆ) ಬೋಲ್ಟ್ ಹೆಚ್ಚು ಎಳೆಯುತ್ತದೆ, ಆದ್ದರಿಂದ ಒಣ ಥ್ರೆಡ್ಡಿಗೆ ಹೇಳಿದ ಟಾರ್ಕಿಗಿಂತ ಕಡಿಮೆ ಕೊಡಿ. ಚಕ್ರದ ನಟ್‌ಗಳಿಗೆ ಮಾತ್ರ ಗ್ರೀಸ್ ಬೇಡ. ಹೊಸ ಯು ಬೋಲ್ಟ್‌ಗಳನ್ನು ಗಾಡಿ ನೆಲದ ಮೇಲೆ ನಿಂತಿರುವಾಗಲೇ ಎದುರುಬದುರಾಗಿ ಬಿಗಿದು, ಮೊದಲ ಲೋಡ್ ಹೊತ್ತು ಬಂದ ಮೇಲೆ ಮತ್ತೊಮ್ಮೆ ಬಿಗಿಯಿರಿ.