ಆಡಿನ ಮರಿಗೆ ಕಜ್ಜಿಯೇ? ಒಂದು ಸಲ ಔಷಧಿ ಹಾಕಿ ಕೈಬಿಡಬೇಡಿ

ಆಡಿನ ಮರಿಗೆ ಕಜ್ಜಿ ಹತ್ತಿದರೆ ನಮ್ಮ ಬಯಲುಸೀಮೆ ಕಡೆ ಬಹಳ ಜನ ಗ್ಯಾರೇಜಿಗೆ ಓಡುತ್ತಾರೆ. ಸುಟ್ಟ ಎಂಜಿನ್ ಆಯಿಲ್ ತಂದು ಮೈಗೆಲ್ಲ ಬಳಿಯುತ್ತಾರೆ. ಇನ್ನು ಕೆಲವರು ಟೊಮೆಟೊಗೆ ಹೊಡೆದು ಉಳಿದ ಔಷಧಿಯನ್ನೇ ನೀರಿಗೆ ಬೆರೆಸಿ ಸುರಿಯುತ್ತಾರೆ. ದಯವಿಟ್ಟು ಎರಡೂ ಬೇಡ. ಮರಿ ತನ್ನ ಮೈ ತಾನೇ ನೆಕ್ಕುತ್ತದೆ, ತಾಯಿಯೂ ಬಂದು ನೆಕ್ಕುತ್ತದೆ, ವಿಷ ನೇರ ಹೊಟ್ಟೆಗೆ. ಬೆಳೆ ಔಷಧಿ ಹೊಟ್ಟೆಗೆ ಹೋದ ಮರಿ ಜೊಲ್ಲು ಸುರಿಸುತ್ತಾ, ನಡುಗುತ್ತಾ ಬಿದ್ದರೆ ಉಳಿಸುವುದು ಕಷ್ಟ.

ಮೊದಲು ಅದು ಕಜ್ಜಿ ಹೌದೋ ಅಲ್ವೋ ನೋಡಿ. ಕೂದಲು ಬಿಡಿಸಿದಾಗ ಹುಳು ಹರಿದಾಡುವುದು ಕಂಡರೆ ಅದು ಹೇನು. ಬೂದು ಬಣ್ಣದ ದುಂಡು ಮಚ್ಚೆ, ತುರಿಕೆ ಅಷ್ಟಾಗಿ ಇಲ್ಲ ಅಂದರೆ ಹುಳುಕಡ್ಡಿ ಇರಬಹುದು. ಹುಣ್ಣು, ಹಕ್ಕಳೆ ಎಲ್ಲ ತುಟಿ ಸುತ್ತಲೇ ಇದ್ದರೆ ಹೆಚ್ಚಾಗಿ ಅದು ವೈರಸ್ಸಿನ ಬಾಯಿ ಹುಣ್ಣು, ಕಜ್ಜಿ ಔಷಧಿಗೆ ಜಗ್ಗುವುದಿಲ್ಲ. ಕಜ್ಜಿ ಹುಳು ಬರಿಗಣ್ಣಿಗೆ ಕಾಣುವುದಿಲ್ಲ. ಮೂತಿ, ಕಣ್ಣಂಚು, ಕಿವಿ ಕಡೆಯಿಂದ ಸಾಮಾನ್ಯವಾಗಿ ಶುರುವಾಗಿ, ಕೂದಲು ಉದುರಿ, ಚರ್ಮ ದಪ್ಪಗೆ ಸುಕ್ಕುಗಟ್ಟುತ್ತದೆ. ಮರಿ ಮೇವು ಬಿಟ್ಟು ಕಂಬಕ್ಕೆ ಮೈ ಉಜ್ಜುತ್ತಾ ನಿಲ್ಲುತ್ತದೆ. ಅನುಮಾನ ಇದ್ದರೆ ಪಶು ಆಸ್ಪತ್ರೆಯಲ್ಲಿ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿ. ಗಾಯದ ನಡುವೆ ಅಲ್ಲ, ಅಂಚಿನಲ್ಲಿ, ಚೂರು ರಕ್ತ ಜಿನುಗುವಷ್ಟು ಕೆರೆದರೇನೇ ಹುಳು ಸಿಗುವುದು. ಹೇನು ಬಿಟ್ಟರೆ ಇವೆಲ್ಲ ನಮ್ಮ ಕೈಗೂ ಹತ್ತುತ್ತವೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಎಲ್ಲರೂ ಎಡವುವುದು ಇಂಜೆಕ್ಷನ್ನಿನ ಅಳತೆಯಲ್ಲಿ. ಡಾಕ್ಟರು ಸಾಮಾನ್ಯವಾಗಿ ಬರೆದುಕೊಡುವುದು ಐವರ್‌ಮೆಕ್ಟಿನ್. ಶೇ 1ರ ಬಾಟಲಿಯಾದರೆ 50 ಕೆ.ಜಿ. ತೂಕಕ್ಕೆ 1 ಮಿ.ಲೀ., ಅಂದರೆ 10 ಕೆ.ಜಿ. ಮರಿಗೆ ಬರೀ 0.2 ಮಿ.ಲೀ. ಇಷ್ಟು ಸಣ್ಣ ಅಳತೆಯನ್ನು 5 ಮಿ.ಲೀ. ಸಿರಿಂಜಿನಲ್ಲಿ ಅಂದಾಜಿಗೆ ಎಳೆಯಲು ಆಗುವುದಿಲ್ಲ. ಸಣ್ಣ ಗೆರೆಗಳಿರುವ 1 ಮಿ.ಲೀ. ಸಿರಿಂಜನ್ನೇ ತನ್ನಿ. ತೂಕವನ್ನೂ ಕಣ್ಣಳತೆಯಲ್ಲಿ ಹೇಳಬೇಡಿ. ಮರಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ, ಸಾಕು. ಬಾಟಲಿ ಮೇಲಿನ ಶೇಕಡಾ ಓದದೆ ಸೂಜಿ ಚುಚ್ಚಲೇಬೇಡಿ, ಯಾಕೆಂದರೆ ಶೇ 3.15ರದ್ದೂ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಇದೇ ಲೆಕ್ಕದಲ್ಲಿ ಕೊಟ್ಟರೆ ಮರಿಗೆ ಮೂರು ಪಟ್ಟು ಔಷಧಿ ಹೋದಂತೆ. ಮುಂಗಾಲಿನ ಹಿಂದೆ ಸಡಿಲ ಚರ್ಮವನ್ನು ಚಿವುಟಿ ಎತ್ತಿ, ಚರ್ಮದ ಕೆಳಗೆ ಕೊಡಬೇಕು. ಮಾಂಸಕ್ಕೆ ಚುಚ್ಚಬಾರದು. ತೀರಾ ಎಳೆ ಮರಿಯಾದರೆ ಡಾಕ್ಟರನ್ನು ಕೇಳದೆ ಏನೂ ಕೊಡಬೇಡಿ.

ಇನ್ನು ಎರಡನೇ ಡೋಸ್. ಇದನ್ನು ಬಿಡುವವರೇ ಜಾಸ್ತಿ. ಔಷಧಿ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ವಾರದೊಳಗೆ ತುರಿಕೆ ಇಳಿಯುತ್ತದೆ, ವಾಸಿಯಾಯಿತು ಅಂತ ಬಾಟಲಿಯನ್ನು ಸೂರಿಗೆ ಸಿಕ್ಕಿಸುತ್ತಾರೆ. ಅಷ್ಟರಲ್ಲಿ ಚರ್ಮದೊಳಗೆ ಮೊಟ್ಟೆ ಒಡೆದಿರುತ್ತದೆ. 14ನೇ ದಿನ ಮತ್ತೆ ತೂಕ ನೋಡಿ ಮತ್ತೆ ಕೊಡಿ, ಮರಿ ಚೆನ್ನಾಗಿ ಕಂಡರೂ ಸರಿ. ತಾಯಿಗೂ, ಜೊತೆಯಲ್ಲಿ ಮಲಗುವ ಬೇರೆ ಆಡುಗಳಿಗೂ ಅದೇ ದಿನ ಆಗಲಿ. ಗಬ್ಬದ ಆಡಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಲೇಬಲ್ ಮೇಲಿನ ಗಡುವು ಮುಗಿಯುವ ತನಕ ಹಾಲು ಮನೆಗೆ ಬೇಡ, ಆಡನ್ನು ಮಾಂಸಕ್ಕೆ ಮಾರುವುದೂ ಬೇಡ.

ಹಕ್ಕಳೆ ದಪ್ಪಗೆ ಕಟ್ಟಿದ್ದರೆ ಅದರ ಮೇಲೆ ಏನು ಹಚ್ಚಿದರೂ ಒಳಗೆ ಇಳಿಯುವುದಿಲ್ಲ. ರಾತ್ರಿ ಹೊಂಗೆ ಎಣ್ಣೆ ಸವರಿ ನೆನೆಯಲು ಬಿಡಿ. ಬೆಳಿಗ್ಗೆ ಉಗುರು ಬೆಚ್ಚಗಿನ ಸೋಪು ನೀರಲ್ಲಿ ಹಳೆ ಬಟ್ಟೆಯಿಂದ ಮೆಲ್ಲಗೆ ಉಜ್ಜಿ. ತಾನಾಗಿ ಬಿಟ್ಟುಬರುವಷ್ಟನ್ನೇ ತೆಗೆಯಿರಿ. ಅಂಟಿಕೊಂಡದ್ದನ್ನು ಕಿತ್ತರೆ ಗಾಯವಾಗಿ ನೊಣ ಕೂತು ಹುಳ ಬೀಳುತ್ತದೆ. ನನ್ನ ಕೇಳಿದರೆ ಆಮೇಲೆ ಹಚ್ಚಲು ಗಂಧಕದ ಮುಲಾಮೇ ಒಳ್ಳೆಯದು. ಹೆಸರೇ ಕೇಳಿರದ ಕಂಪನಿಯ ಬಣ್ಣದ ಸ್ಪ್ರೇಗೆ ದುಡ್ಡು ಹಾಕಬೇಡಿ, ಅವುಗಳಲ್ಲಿ ಎಷ್ಟೋ ಗಾಯಕ್ಕೆ ಬಣ್ಣ ಬಳಿಯುತ್ತವೆ ಅಷ್ಟೇ.

ಮೈ ತೊಳೆಯುವ ಔಷಧಿ ಬರೆದುಕೊಟ್ಟಿದ್ದರೆ ಬಿಸಿಲಿರುವ ಬೆಳಿಗ್ಗೆ ನೋಡಿಕೊಂಡು ಮಾಡಿ. ಮೊದಲು ಹೊಟ್ಟೆ ತುಂಬ ನೀರು ಕುಡಿಸಿ, ಬಾಯಾರಿದ ಮರಿ ಔಷಧಿ ನೀರನ್ನೇ ನೆಕ್ಕುತ್ತದೆ. ಮೈ ಪೂರಾ ಒಣಗುವ ತನಕ ತಾಯಿಯನ್ನು ಹತ್ತಿರ ಬಿಡಬೇಡಿ. ತಾಯಿಯ ಕೆಚ್ಚಲಿಗೆ ಔಷಧಿ ತಾಗಿದ್ದರೆ ಚೆನ್ನಾಗಿ ತೊಳೆದ ಮೇಲೇ ಮರಿ ಬಿಡಿ.

ಅದೇ ದಿನ ದೊಡ್ಡಿಯ ಹಾಸು ಸುಟ್ಟು, ಗೊಬ್ಬರ ಕೆರೆದು, ಸುಣ್ಣ ಬಳಿಯಿರಿ. ಮರಿ ಮೈ ಉಜ್ಜುತ್ತಿದ್ದ ಕಂಬವನ್ನು ಮರೆಯಬೇಡಿ. ಹಗ್ಗಗಳನ್ನು ಕುದಿಯುವ ನೀರಲ್ಲಿ ಹಾಕಿ. ಸಂತೆಯಿಂದ ಹೊಸ ಮರಿ ತಂದರೆ ಮೂರು ವಾರ ಬೇರೆಯೇ ಕಟ್ಟಿ, ಅದು ಎಷ್ಟೇ ಮಿರಮಿರ ಮಿಂಚುತ್ತಿದ್ದರೂ. ಎರಡನೇ ಡೋಸ್ ಆಗಿ ಎರಡು ವಾರವಾದರೂ ತುರಿಕೆ ನಿಲ್ಲದಿದ್ದರೆ, ಇಲ್ಲವೇ ಮರಿ ಮೇವು ಬಿಟ್ಟು ಮಂಕಾದರೆ, ಮೂರನೆಯದನ್ನು ನೀವೇ ಚುಚ್ಚಲು ಹೋಗಬೇಡಿ. 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಕರೆಸಿ ತೋರಿಸಿ.