ಕಾವು ಬಿಟ್ಟ ಕಾಕಟೀಲ್ ಮೊಟ್ಟೆಗಳನ್ನು ಉಳಿಸಿಕೊಂಡ ಬಗೆ

ಕಾವಿಗೆ ಕೂತ 12ನೇ ದಿನ ನಮ್ಮ ಹೆಣ್ಣು ಕಾಕಟೀಲ್ (ಜುಟ್ಟಿರುವ ಚಿಕ್ಕ ಸಾಕು ಗಿಳಿ) ಕಾವು ಕೂರುವುದನ್ನೇ ಬಿಟ್ಟಿತು. ಹಗಲು ಕೂರುತ್ತಿದ್ದ ಗಂಡೂ ಗೂಡಿಗೆ ಹೋಗಲಿಲ್ಲ. ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದೆ. ಎರಡರಲ್ಲಿ ಕೆಂಪು ರಕ್ತನಾಳಗಳು ಕಂಡವು. ಜೀವ ಇತ್ತು!

ಅವಕ್ಕೆ ಕಾವು ಕೊಡಲು ಥರ್ಮಾಕೋಲ್ ಡಬ್ಬಿಗೆ ಗಾಳಿತೂತು ಮಾಡಿ ಬಲ್ಬ್, ಶಾಖ ಹತೋಟಿಯಲ್ಲಿಡುವ ಥರ್ಮೋಸ್ಟಾಟ್, ಒಂದು ಬಟ್ಟಲು ನೀರು ಇಟ್ಟೆ. ಬೇಕಿದ್ದದ್ದು 37.5 ಡಿಗ್ರಿ, ಆದರೆ ಶಾಖ ಏರಿಳಿಯುತ್ತಲೇ ಇತ್ತು. ಥರ್ಮೋಸ್ಟಾಟ್‌ನ ಶಾಖ ಅಳೆಯುವ ಸೆನ್ಸರನ್ನು ಬಲ್ಬಿನಿಂದ ದೂರ, ಮೊಟ್ಟೆಯ ಪಕ್ಕದಲ್ಲೇ ಇಟ್ಟೆ. ಆಮೇಲೆ ಸರಿಹೋಯಿತು. ಪೆನ್ಸಿಲ್ ಗುರುತು ಹಾಕಿ ದಿನಕ್ಕೆ 5 ಸಲ ಹೊರಳಿಸಿದೆ.

ಕೊನೆಯ 3 ದಿನ ಹೊರಳಿಸಲಿಲ್ಲ. ತೇವ ಜಾಸ್ತಿಯಾಗಲಿ ಎಂದು ಇನ್ನೊಂದು ಬಟ್ಟಲು ನೀರಿಟ್ಟೆ. ಚಿಪ್ಪು ಬಿರುಕು ಬಿಟ್ಟ ಮೇಲೆ ಸುಮ್ನೆ ಕಾಯುವುದು ಎಷ್ಟು ಕಷ್ಟ ಅಲ್ವಾ? ಆದರೂ ಕೈ ಹಾಕಲಿಲ್ಲ, ಅವಸರದಲ್ಲಿ ಬಿಡಿಸಿದರೆ ಮರಿಗೆ ರಕ್ತ ಸೋರುತ್ತದೆ. 20ನೇ ದಿನ ಒಂದು ಮರಿ ಬಂತು. ಎರಡು ದಿನ ಬಿಟ್ಟು ಇನ್ನೊಂದು.