ಉಳಿದ ಒಂಬತ್ತು ಪಾಲಿನ ಲೆಕ್ಕ

ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು, ದೇವರಿಗೆ ಕೊಟ್ಟಾಯಿತು, ಉಳಿದದ್ದು ನಮ್ಮದು ಎಂಬ ಲೆಕ್ಕ ಎಷ್ಟೋ ವಿಶ್ವಾಸಿಗಳ ಮನೆಯಲ್ಲಿದೆ. ಎಡವುವುದು ಅಲ್ಲೇ. ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದು ಎಂದು ಬೈಬಲಿನ 24ನೇ ಕೀರ್ತನೆ ಹೇಳುತ್ತದೆ. ಹಾಗಾದರೆ ಒಂಬತ್ತು ಪಾಲೂ ಆತನದ್ದೇ, ನಾವು ಮನೆವಾರ್ತೆ ನೋಡಿಕೊಳ್ಳುವವರು ಅಷ್ಟೆ. ಲೂಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಯಜಮಾನ ಮನೆವಾರ್ತೆಯವನನ್ನು ಕರೆದು ಕೇಳಿದ್ದು ಕಾಣಿಕೆಯನ್ನಲ್ಲ, ಲೆಕ್ಕವನ್ನು.

ಮೊದಲು ಒಂದು ನೋಟ್‌ಬುಕ್ ಇಡಿ. ದಿನಾಂಕ, ಏನು, ಎಷ್ಟು, ಯಾರಿಗಾಗಿ ಎಂದು ನಾಲ್ಕು ಕಾಲಮು ಸಾಕು. 30 ದಿನ ಖರ್ಚು ಕಡಿಮೆ ಮಾಡಲು ಹೋಗಬೇಡಿ, ಸುಮ್ಮನೆ ಬರೆಯಿರಿ. ಮೊದಲ ವಾರವೇ ಬಿಗಿ ಹಿಡಿದರೆ ಮನೆಯ ನಿಜವಾದ ಚಿತ್ರ ಸಿಗುವುದಿಲ್ಲ. ಅಂದಂದಿನದು ಅಂದಂದೇ ಬರೆಯಬೇಕು. ಎರಡು ದಿನ ಬಿಟ್ಟರೆ ಚಿಲ್ಲರೆ ಖರ್ಚು ನೆನಪಿನಿಂದ ಜಾರುತ್ತದೆ, ಸೋರುವುದೂ ಅಲ್ಲೇ. ತಿಂಗಳ ಕೊನೆಗೆ ಪ್ರತಿ ಸಾಲಿಗೂ ಗುರುತು ಹಾಕಿ: ಬೇಕಿತ್ತು, ಬೇಡವಾಗಿತ್ತು, ಮರೆತೇ ಹೋಗಿತ್ತು. ಮೂರನೆಯ ಗುರುತೇ ಕಣ್ಣು ತೆರೆಸುವುದು. ಯಾರೂ ನೋಡದ ಚಾನೆಲ್ಲು, ಬಳಸದ ಆ್ಯಪಿನ ಚಂದಾ ತಾವಾಗಿಯೇ ಖಾತೆಯಿಂದ ಕಡಿತವಾಗುತ್ತಿರುತ್ತವೆ.

ಆಮೇಲೆ ವರ್ಷಕ್ಕೊಮ್ಮೆ ಬರುವ ಖರ್ಚನ್ನೆಲ್ಲ ಬೇರೆ ಹಾಳೆಯಲ್ಲಿ ಬರೆಯಿರಿ: ಶಾಲೆಯ ಶುಲ್ಕ, ವಿಮೆ, ತೆರಿಗೆ, ವಾಹನದ ರಿಪೇರಿ, ಕ್ರಿಸ್ಮಸ್ ಬಟ್ಟೆ. ಒಟ್ಟು 24,000 ಆದರೆ 12ರಿಂದ ಭಾಗಿಸಿ ತಿಂಗಳಿಗೆ 2,000 ಬದಿಗಿಡಿ. ಮನೆಯ ಬಜೆಟ್ಟು ಮುರಿಯುವುದು ದಿನದ ಅಡುಗೆಯಿಂದಲ್ಲ, ಡಿಸೆಂಬರಿನಲ್ಲಿ ಕ್ರಿಸ್ಮಸ್ ಬರುತ್ತದೆ ಎಂಬುದನ್ನು ಜನವರಿಯಲ್ಲಿ ಮರೆಯುವುದರಿಂದ. ಲೆಕ್ಕಕ್ಕೆ ಗಂಡ ಹೆಂಡತಿ ಇಬ್ಬರೂ ಕೂರಬೇಕು. ಒಬ್ಬರೇ ಬರೆದು ಇನ್ನೊಬ್ಬರನ್ನು ವಿಚಾರಿಸತೊಡಗಿದರೆ ಆ ನೋಟ್‌ಬುಕ್ ಮೂರು ತಿಂಗಳೂ ಬಾಳುವುದಿಲ್ಲ.

ಕಾಣಿಕೆಯನ್ನು ಉಳಿದದ್ದರಲ್ಲಿ ಕೊಡುತ್ತೇವೆ ಎಂದರೆ ಉಳಿಯುವುದೇ ಇಲ್ಲ. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಆದಾಯಕ್ಕೆ ತಕ್ಕಂತೆ ತೆಗೆದಿಡಲಿ ಎಂದು ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದ. ಸಂಬಳ ಬಂದ ದಿನವೇ ಬೇರೆ ಕವರಿಗೋ ಬೇರೆ ಖಾತೆಗೋ ಹಾಕಿ. ಆದಾಯ ಏರುಪೇರಾಗುವವರು ತಿಂಗಳ ಮೊತ್ತ ಗೊತ್ತುಮಾಡದೆ, ಹಣ ಬಂದಾಗಲೆಲ್ಲ ಅದರ ಪಾಲು ತೆಗೆಯುವುದು ಮೇಲು. ವ್ಯಾಪಾರದವರು ಮಾರಾಟದ ಮೊತ್ತಕ್ಕಲ್ಲ, ಸರಕು, ಬಾಡಿಗೆ, ಕೂಲಿ ಕಳೆದು ಉಳಿದ ಲಾಭಕ್ಕೆ ಲೆಕ್ಕ ಹಾಕಲಿ. ಆದರೆ ಮನೆಯ ದಿನಸಿಯನ್ನು ಅಂಗಡಿಯ ಖರ್ಚಿಗೆ ಸೇರಿಸುವ ಜಾಣತನ ಬೇಡ.

ಅಪ್ಪ ಅಮ್ಮನ ಔಷಧಿ ನಿಲ್ಲಿಸಿ ಸಭೆಗೆ ಕಾಣಿಕೆ ಕೊಡುವುದು ಭಕ್ತಿಯಲ್ಲ. ಹೆತ್ತವರಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದವರನ್ನು ಯೇಸು ಮಾರ್ಕ 7ರಲ್ಲಿ ಗದರಿಸಿದ್ದು ಇದಕ್ಕೇ. ಸಾಲ ಮಾಡಿ ಕೊಡುವುದೂ ಬೇಡ, ಅದು ಇನ್ನೊಬ್ಬರ ಹಣ. ಕಷ್ಟದ ಕಾಲದಲ್ಲಿ ಪಾಲು ಚಿಕ್ಕದಾಗಲಿ, ರೂಢಿ ತಪ್ಪದಿರಲಿ. ಸಭೆಯ ಹಣ ಎಣಿಸುವ ಕೆಲಸ ನಿಮ್ಮ ಪಾಲಿಗೆ ಬಂದರೆ ಒಬ್ಬರೇ ಎಣಿಸಬೇಡಿ. ಒಂದೇ ಕುಟುಂಬದವರಲ್ಲದ ಇಬ್ಬರು ಕೂತು ಎಣಿಸಿ, ಅಲ್ಲೇ ಬರೆದು, ಇಬ್ಬರೂ ಸಹಿ ಹಾಕಿಯೇ ಏಳಬೇಕು. ನಮ್ಮ ಮೇಲೆ ತಪ್ಪು ಬರದಂತೆ ಎಂದು ಪೌಲನೇ ಯೆರೂಸಲೇಮಿನ ದೇಣಿಗೆ ಒಯ್ಯಲು ಜೊತೆಗೆ ಬೇರೆಯವರನ್ನು ಇಟ್ಟುಕೊಂಡಿದ್ದ. ಇದು ಅನುಮಾನವಲ್ಲ, ಎಣಿಸುವವರಿಗೇ ರಕ್ಷಣೆ.

ಸಾಲವಿದ್ದರೆ ಯಾವುದಕ್ಕೆ ಎಷ್ಟು ಬಡ್ಡಿ ಎಂದು ಬರೆದು, ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸಿ. ಉಳಿದವಕ್ಕೆ ಕನಿಷ್ಠ ಕಂತು ತಪ್ಪದೆ ಕಟ್ಟುತ್ತಿರಿ. ತಿಂಗಳಿಗೆ ಶೇಕಡಾ 3 ಕೇಳಲು ಸಣ್ಣದು, ಆದರೆ ಬಡ್ಡಿಗೆ ಬಡ್ಡಿ ಸೇರಿದರೆ ವರ್ಷಕ್ಕೆ ಶೇಕಡಾ 42 ದಾಟುತ್ತದೆ, 24 ತಿಂಗಳಲ್ಲಿ ಸಾಲ ಎರಡರಷ್ಟಾಗುತ್ತದೆ. ಇನ್ನು ಜಾಮೀನು: ಪೂರ್ತಿ ಮೊತ್ತ ನೀವೇ ಕಟ್ಟಬೇಕಾಗಿ ಬಂದರೂ ಮನೆ ಅಲುಗಾಡದು ಎಂದಾದರೆ ಮಾತ್ರ ಸಹಿ ಹಾಕಿ.

ಅಡುಗೆಮನೆಯ ವಿಷಯಕ್ಕೆ ಬಂದರೆ, ಐದು ಸಾವಿರ ಗಂಡಸರು ಉಂಡೆದ್ದ ಮೇಲೆ ಮಿಕ್ಕ ತುಂಡುಗಳನ್ನು ಕೂಡಿಸಿರಿ, ಏನೂ ಹಾಳಾಗಬಾರದು ಎಂದು ಯೇಸು ಹೇಳಿದ್ದು ರೊಟ್ಟಿ ಹೆಚ್ಚಿಸಿದ ಅದ್ಭುತದ ಬೆನ್ನಲ್ಲೇ. ಹೊಸದಾಗಿ ತಂದದ್ದನ್ನು ಡಬ್ಬಿಯ ಹಿಂದಕ್ಕೆ, ಹಳೆಯದನ್ನು ಮುಂದಕ್ಕೆ ಇಡಿ. ಹಳೆಯ ಧಾನ್ಯದ ಮೇಲೇ ಹೊಸದನ್ನು ಸುರಿದರೆ ಅಡಿಯ ಹುಳ ಮೇಲಕ್ಕೂ ಹತ್ತುತ್ತದೆ. ಫ್ರಿಜ್ಜು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಲಿ. ಬೇಯಿಸಿದ್ದು ಎರಡು ಗಂಟೆಯೊಳಗೆ ಒಳಗೆ ಹೋಗಬೇಕು. ದೊಡ್ಡ ಪಾತ್ರೆಯಲ್ಲೇ ಇಟ್ಟರೆ ನಡುಭಾಗ ತಣಿಯದೆ ಹಳಸುತ್ತದೆ, ಅಗಲವಾದ ತಟ್ಟೆಪಾತ್ರೆಗೆ ಹರಡಿ ಇಡಿ. ಡಬ್ಬಿಯ ಮೇಲೆ ದಿನಾಂಕ ಬರೆದು ಮೂರು ನಾಲ್ಕು ದಿನದಲ್ಲಿ ಮುಗಿಸಿ. ಸಂತೆಗೆ ಹೋಗುವ ಹಿಂದಿನ ದಿನ ಇರುವುದರಲ್ಲೇ ಅಡುಗೆ ಮಾಡುವ ರೂಢಿ ಇಟ್ಟುಕೊಂಡರೆ ಮೂಲೆಯ ತರಕಾರಿ ಕೊಳೆಯುವುದಿಲ್ಲ. ರಿಯಾಯಿತಿ ಇದೆ ಎಂದು ಗುಡ್ಡೆ ಹಾಕುವವರು ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಆಹಾರವಾಗಿ ಕೊಟ್ಟ ಮನ್ನವನ್ನು ನೆನೆಯಲಿ: ಮಾರನೆಯ ದಿನಕ್ಕೆ ಕೂಡಿಟ್ಟದ್ದು ಹುಳ ಬಿದ್ದು ನಾರಿತು.

ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಗಂಟೆ ಅಳತೆಯ ಪಾತ್ರೆ ಇಟ್ಟು, ಬಿದ್ದ ನೀರನ್ನು 24ರಿಂದ ಗುಣಿಸಿ. ಗಂಟೆಗೆ ಒಂದು ಲೀಟರ್ ಆದರೆ ವರ್ಷಕ್ಕೆ 8,760 ಲೀಟರ್. ತಿರುಗಿಸುವ ನಲ್ಲಿಯಾದರೆ ತಪ್ಪು ಹೆಚ್ಚಾಗಿ ವಾಷರಿನದು. ಮುಖ್ಯ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಒಳಗಿನ ನೀರು ಖಾಲಿ ಮಾಡಿ, ಸ್ಪ್ಯಾನರಿನಿಂದ ಮೇಲಿನ ನಟ್ಟು ಸಡಿಲಿಸಿ ಹಳೆಯ ವಾಷರ್ ತೆಗೆಯಿರಿ. ಅದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ಹೊಸದು ಹಾಕಿದರೂ ತೊಟ್ಟಿಕ್ಕಿದರೆ ಅದು ಕೂರುವ ಜಾಗವೇ ಸವೆದಿದೆ, ಪ್ಲಂಬರನ್ನು ಕರೆಯಿರಿ. ಬಲವಾಗಿ ತಿರುಗಿಸಿ ಮುಚ್ಚಬೇಡಿ, ವಾಷರ್ ಹಾಳಾಗುವುದೇ ಹಾಗೆ. ಶೌಚಾಲಯದ ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಕೆಳಗೆ ಬಣ್ಣ ಕಂಡರೆ ಒಳಗಿನ ರಬ್ಬರ್ ಸೋರುತ್ತಿದೆ.

ಎರವಲು ತಂದ ಪುಸ್ತಕ, ಏಣಿ, ಪಾತ್ರೆಗಳ ಪಟ್ಟಿ ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿರಲಿ. ನೀರಿಗೆ ಬಿದ್ದ ಕೊಡಲಿ ಎರವಲಿನದು ಎಂದು ಪ್ರವಾದಿ ಎಲೀಷನ ಮುಂದೆ ಒಬ್ಬ ಕೂಗಿಕೊಂಡನಲ್ಲ, ಆ ಸಂಕಟ ನಮಗೂ ಬೇಕು. ಮುರಿದರೆ ಹೇಳಿ, ಸರಿಮಾಡಿಸಿ ಅಥವಾ ಬದಲಿ ಕೊಡಿ.

ಕಡೆಗೆ, ಕಾಗದಪತ್ರ. ಬ್ಯಾಂಕ್ ಖಾತೆ, ವಿಮೆ, ಆಸ್ತಿಪತ್ರ, ಸಾಲ, ಯಾರಿಂದ ಎಷ್ಟು ಬರಬೇಕು ಎಂಬ ವಿವರ ಒಂದೇ ಫೈಲಿನಲ್ಲಿರಲಿ. ಅದು ಎಲ್ಲಿದೆ ಎಂದು ಮನೆಯ ಇನ್ನೊಬ್ಬರಿಗಾದರೂ ಗೊತ್ತಿರಬೇಕು. ಪಾಸ್‌ವರ್ಡನ್ನು ಆ ಫೈಲಿನಲ್ಲಿ ಇಡದೆ, ಮುಚ್ಚಿದ ಕವರಿನಲ್ಲಿ ಬೇರೆ ಕಡೆ ಇಡಿ. ಮದುವೆಗೆ ಮುಂಚೆ ತೆರೆದ ಖಾತೆಯ ನಾಮಿನಿ ಯಾರು ಎಂದು ನೋಡಿ, ಹಳೆಯ ಹೆಸರೇ ಉಳಿದಿರುವುದು ಬಹಳ. ಉಯಿಲು ಬರೆದಿಡಿ, ಮಕ್ಕಳು ಚಿಕ್ಕವರಿದ್ದರೆ ಅವರನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನೂ ಸೇರಿಸಿ. ಆದರೆ ಆ ಹೆಸರಿನವರನ್ನು ಮೊದಲು ಕೇಳಿ ಒಪ್ಪಿಸಿರಬೇಕು.